ಬಾಣಂತಿಯ ಮೈ ನೋಡಿದ್ದು ಸಾಕು, ಮನಸ್ಸನ್ನೂ ಕೇಳಿ

"ಕೂತಲ್ಲಿಗೇ ಬಿಸಿ ಅನ್ನ ಬರುತ್ತೆ, ಎಣ್ಣೆ ಹಚ್ಚಿ ನೀರು ಹಾಕ್ತಾರೆ. ಇನ್ನೇನು ಕಡಿಮೆಯಾಗಿದೆ ಅಂತ ಅಳ್ತಾಳೆ?"

ಬಾಣಂತಿ ಇರುವ ಮನೆಯಲ್ಲಿ ಈ ಮಾತು ಕೇಳದವರು ಯಾರಿದ್ದಾರೆ?

ಹೆರಿಗೆಯಾದ ಮೊದಮೊದಲ ದಿನಗಳಲ್ಲಿ ಅಳು ಬರುವುದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ತಾನಾಗಿಯೇ ಹೋಗುತ್ತದೆ. ಆಮೇಲೂ ಹೋಗದೆ, ಮಗು ಮಲಗಿದಾಗಲೂ ನಿದ್ದೆ ಬಾರದೆ, ಊಟ ಸೇರದೆ, "ನಾನು ಯಾಕಾದರೂ ಬದುಕಿದ್ದೀನೋ" ಅನ್ನಿಸತೊಡಗಿದರೆ ಅದು ಕಾಯಿಲೆ. ಹೆರಿಗೆ ನಂತರದ ಖಿನ್ನತೆ. ಭಾರತದ 38 ಅಧ್ಯಯನಗಳನ್ನು, 20 ಸಾವಿರ ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ನೂರಕ್ಕೆ 22 ಬಾಣಂತಿಯರಿಗೆ ಇದು ಬರುತ್ತದೆ. ಐವರಲ್ಲಿ ಒಬ್ಬಳಿಗೆ!

ನಮ್ಮೂರುಗಳಲ್ಲಿ "ಬಾಣಂತಿ ಸನ್ನಿ" ಎಲ್ಲರಿಗೂ ಗೊತ್ತು. ಇಲ್ಲದ್ದು ಕಾಣಿಸುವುದು, ಏನೇನೋ ಮಾತಾಡುವುದು. ಅದು ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ. ದೇವರು, ದೆವ್ವ ಎನ್ನದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆದರೆ ಗೋಡೆ ಕಡೆ ತಿರುಗಿ ಸದ್ದಿಲ್ಲದೆ ಅಳುವವಳಿಗೆ ನಾವು ಇಟ್ಟಿರುವ ಹೆಸರು ಬೇರೆ: ಸೋಮಾರಿ, ಸೊಕ್ಕಿನವಳು, ನಾಟಕದವಳು.

"ನಮ್ಮಜ್ಜಿ ಹತ್ತು ಹೆತ್ತಳು, ಅವಳಿಗೆ ಯಾವ ಖಿನ್ನತೆ ಇತ್ತು?" ಎಂದು ಕೇಳುವವರಿದ್ದಾರೆ. ಅಜ್ಜಿಯನ್ನು ಯಾರಾದರೂ ಕೇಳಿದ್ದರಾ?

ಇವತ್ತಾದರೂ ಯಾರು ಕೇಳುತ್ತಿದ್ದಾರೆ? ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ. ತೂಕ, ಬಿಪಿ, ರಕ್ತದ ಪ್ರಮಾಣ, ಚುಚ್ಚುಮದ್ದು ಎಲ್ಲ ಬರೆದಿರುತ್ತಾರೆ. ಮನಸ್ಸಿನ ಬಗ್ಗೆ ಒಂದು ಸಾಲಾದರೂ ಯಾರಾದರೂ ಬರೆದಿದ್ದಾರಾ? ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು. ಮಗುವಿನ ತೂಕ, ಜ್ವರ, ತಾಯಿಯ ರಕ್ತಸ್ರಾವ ನೋಡಬೇಕು. ಆರು ಸಲ ಬಾಗಿಲಿಗೆ ಬಂದವರ ಬಳಿ "ನಿನ್ನ ಮನಸ್ಸು ಹೇಗಿದೆ" ಎಂದು ಕೇಳಿಸದಿದ್ದರೆ ತಪ್ಪು ಆಶಾ ಅವರದ್ದಲ್ಲ, ಅವರಿಗೆ ಕೆಲಸ ಹಚ್ಚಿದ ಸರ್ಕಾರದ್ದು.

ಈ ಕಾಯಿಲೆ ಎಲ್ಲರ ಮನೆಗೂ ಒಂದೇ ಥರ ಬರುವುದಿಲ್ಲ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಕಾರಣಗಳನ್ನು ಬಿಚ್ಚಿಟ್ಟಿತು: ಬಡತನ, ಹಸಿವು, ಗಂಡನ ಹೊಡೆತ, ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದು. ಇದರಲ್ಲಿ ಯಾವುದು ತಾಯಿಯ ತಪ್ಪು? ತವರು ಗಟ್ಟಿ ಇದ್ದವಳಿಗೆ ಮೂರು ತಿಂಗಳ ಬಾಣಂತನ. ತಾಯಿಯೂ ಕೂಲಿಗೆ ಹೋಗುವ ಮನೆಯಲ್ಲಿ ಬಾಣಂತನ ಮಾಡುವವರು ಯಾರು? ಎರಡನೆಯದೂ ಹೆಣ್ಣಾದರೆ ತೊಟ್ಟಿಲ ಶಾಸ್ತ್ರಕ್ಕೂ ಮುಖ ಗಂಟು ಹಾಕುವ ಮನೆಗಳಿವೆ. ಅಂಥ ಮನೆಯಲ್ಲಿ ಅವಳಿಗೆ ಮಾತ್ರೆ ಕೊಟ್ಟರಷ್ಟೇ ಸಾಲದು, ಮನೆಯವರಿಗೂ ಬುದ್ಧಿ ಹೇಳಬೇಕು.

ಸಮಾಜಕಾರ್ಯ ಓದುವವರು ಫಾರಂ ಹಿಡಿದು ಹಳ್ಳಿಗೆ ಬರುತ್ತಾರೆ, ಕೇಳುತ್ತಾರೆ, ಬರೆದುಕೊಂಡು ಹೋಗುತ್ತಾರೆ. ಅವರಿಗೆ ಪದವಿ ಸಿಗುತ್ತದೆ. ಉತ್ತರ ಕೊಟ್ಟವಳಿಗೆ? ಎಷ್ಟು ಜನ ಅಳುತ್ತಿದ್ದಾರೆಂದು ಎಣಿಸಿದ್ದು ಸಾಕು. ಏನು ಮಾಡಬೇಕೆಂಬುದೂ ಗೊತ್ತಾಗಿದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾಗಳಂಥ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳಿಸಿದರು. ಮಗುವಿಗೆ ಆರು ತಿಂಗಳಾಗುವಾಗ ಆ ಹಳ್ಳಿಗಳಲ್ಲಿ ನೂರಕ್ಕೆ 23 ತಾಯಂದಿರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಆ ತರಬೇತಿ ಇಲ್ಲದ ಕಡೆ 53. ಇದು 2008ರಲ್ಲೇ ಪ್ರಕಟವಾದ ಸುದ್ದಿ.

ನಮಗೇನು ಕಡಿಮೆ? ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ, 1980ರ ದಶಕದಲ್ಲಿ. ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೂ ಇದೆ. ಆದರೆ ಹಳ್ಳಿಯ ಬಾಣಂತಿ ಹಸಿಗೂಸು ಎತ್ತಿಕೊಂಡು ಬೆಂಗಳೂರಿಗೆ ಬಸ್ಸು ಹತ್ತಲು ಆಗುತ್ತದಾ?

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಆಶಾ ಭೇಟಿಯಲ್ಲಿ ಎರಡು ಪ್ರಶ್ನೆ ಸೇರಲಿ: ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ, ಬದುಕಿನಲ್ಲಿ ಏನೂ ಉಳಿದಿಲ್ಲ ಅನ್ನಿಸುತ್ತಿತ್ತಾ? ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದಂತೆ ಆಗಿತ್ತಾ? ಅತ್ತೆ, ಗಂಡ ಎದುರಿಗಿಲ್ಲದಾಗ ಕೇಳಲಿ. ಈ ಕೆಲಸಕ್ಕೆ ಆಶಾಗಳಿಗೆ ತರಬೇತಿಯೂ ಸಿಗಲಿ, ಬೇರೆ ಹಣವೂ ಸಿಗಲಿ. ಪುಕ್ಕಟೆ ದುಡಿಸುವುದು ಬೇಡ. "ಹೌದು" ಎಂದವಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಲಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಎತ್ತಿ.

ಅಲ್ಲಿಯವರೆಗೆ ಮನೆಯವರು ಸುಮ್ಮನೆ ಕೂರಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಮಾತೋ, ಮಗುವಿಗೆ ಏನಾದರೂ ಮಾಡಿಬಿಡುವ ಮಾತೋ ಬಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಗಂಡಸರೇ, ಇವತ್ತು ರಾತ್ರಿ ಮಗು ಅತ್ತರೆ ನೀವು ಎತ್ತಿಕೊಳ್ಳಿ. ಅವಳು ಮಲಗಲಿ. ಬೆಳಗ್ಗೆ ಎದ್ದ ಮೇಲೆ "ಹೇಗಿದ್ದೀಯ" ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕೂತು ಕೇಳಿಸಿಕೊಳ್ಳಿ.