ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಉಡುಪಿನ ಪರೀಕ್ಷೆ

ಸರಕಾರಿ ನೌಕರಿಯ ಆಸೆಯಿಂದ ವರ್ಷಗಟ್ಟಲೆ ಓದಿದ ಹೆಣ್ಣು ಮಗಳೊಬ್ಬಳು ಪ್ರಶ್ನೆಪತ್ರಿಕೆಯನ್ನು ಕಾಣುವ ಮೊದಲೇ, ಕೇವಲ ಉಡುಪಿನ ಗೊಂದಲದಿಂದ ಕೇಂದ್ರದ ಬಾಗಿಲಲ್ಲಿ ಎದೆಗುಂದಿ ನಿಲ್ಲುವಂತಾದರೆ ಅದಕ್ಕೆ ಹೊಣೆ ಯಾರು? ವ್ಯವಸ್ಥೆಯೊಂದೇ ಅಲ್ಲ, ಸಮುದಾಯವೂ ಈ ಪ್ರಶ್ನೆಗೆ ಉತ್ತರಿಸಬೇಕಾಗಿದೆ.

2023ರ ಅಕ್ಟೋಬರ್ 28ರಂದು ನಡೆದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ ಮತ್ತು ಯಾದಗಿರಿಯ ಕೆಲವರು ಬ್ಲೂಟೂತ್ ಸಾಧನ ಬಳಸಿ ಸಿಕ್ಕಿಬಿದ್ದರು. ಕಿವಿಯೊಳಗೆ ಅಡಗುವಷ್ಟು ಸಣ್ಣ ಸಾಧನ ಅದು. ಇದರ ಬೆನ್ನಿಗೆ ನವೆಂಬರ್ 18 ಮತ್ತು 19ರ ಪರೀಕ್ಷೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ತಲೆ, ಬಾಯಿ, ಕಿವಿ ಮುಚ್ಚುವ ಉಡುಪನ್ನು ನಿಷೇಧಿಸಿತು. ಹಿಜಾಬ್‌ನ ಗತಿಯೇನೆಂಬ ಪ್ರಶ್ನೆ ಎದ್ದಾಗ, ಮುಂಚಿತವಾಗಿ ಬಂದು ತಪಾಸಣೆಗೆ ಒಳಪಟ್ಟರೆ ಅಡ್ಡಿಯಿಲ್ಲವೆಂಬ ಸ್ಪಷ್ಟನೆ ಹೊರಬಿತ್ತು. ಆದರೆ ಪರೀಕ್ಷೆಗೆ ಉಳಿದಿದ್ದದ್ದು ಕೆಲವೇ ದಿನಗಳು.

ನಕಲು ತಡೆಯುವುದು ನ್ಯಾಯ. ಪ್ರಾಮಾಣಿಕವಾಗಿ ಓದಿದ ಬಡವರ ಮಕ್ಕಳಿಗೆ ಅದೇ ರಕ್ಷಣೆ. ಆದರೆ ನಿಯಮ ಅಸ್ಪಷ್ಟವಾದಾಗ ಬಾಗಿಲಲ್ಲಿ ನಿಂತ ಸಿಬ್ಬಂದಿಯ ಮಾತೇ ಕಾನೂನಾಗುತ್ತದೆ. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಜನಿವಾರ ತೆಗೆಯಲೊಪ್ಪದ ಬೀದರ್‌ನ ವಿದ್ಯಾರ್ಥಿಯೊಬ್ಬ ಗಣಿತ ಪರೀಕ್ಷೆಯಿಂದಲೇ ವಂಚಿತನಾದ. ಅದು ನೌಕರಿಯ ಪರೀಕ್ಷೆಯಲ್ಲದಿದ್ದರೂ ಪಾಠ ಒಂದೇ: ಈ ಸಂಕಟ ಒಂದು ಸಮುದಾಯಕ್ಕೆ ಸೀಮಿತವಲ್ಲ. ಆದ್ದರಿಂದ ವಸ್ತ್ರಸಂಹಿತೆಯು ಪ್ರವೇಶಪತ್ರದೊಂದಿಗೇ ಸರಳ ಕನ್ನಡದಲ್ಲಿ ಅಭ್ಯರ್ಥಿಯ ಕೈಸೇರಬೇಕು. ಮಹಿಳೆಯರನ್ನು ಮರೆಯಾದ ಸ್ಥಳದಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡಬೇಕು. ಸರಕಾರಿ ಉದ್ಯೋಗದಲ್ಲಿ ಸಮಾನಾವಕಾಶವೆಂಬುದು ಸಂವಿಧಾನದ 16ನೇ ವಿಧಿ ಕೊಟ್ಟ ಹಕ್ಕು. ಆದುದರಿಂದ ಇದು ಯಾರ ಔದಾರ್ಯವೂ ಅಲ್ಲ.

ಇನ್ನು ನಮ್ಮ ಹೊಣೆ. ಮದುವೆ ಮನೆಗೆ ತೊಡುವ ಬಟ್ಟೆಯನ್ನು ವಾರದ ಮೊದಲೇ ಆರಿಸುವ ನಾವು, ಪರೀಕ್ಷೆಯ ಬಟ್ಟೆಯನ್ನು ಅಂದಿನ ಬೆಳಗ್ಗೆ ಯೋಚಿಸುತ್ತೇವೆ. 2023ರ ಆ ನಿಯಮದಲ್ಲಿ ಗಂಡುಮಕ್ಕಳಿಗೆ ತುಂಬು ತೋಳಿನ ಅಂಗಿ, ಕುರ್ತಾ-ಪೈಜಾಮ, ಜೀನ್ಸ್, ಶೂಗಳು ನಿಷಿದ್ಧವಾಗಿದ್ದವು. ಹೆಣ್ಣುಮಕ್ಕಳಿಗೆ ಹೆಚ್ಚು ಕಸೂತಿಯ ಉಡುಪು, ತುಂಬು ತೋಳು, ಎತ್ತರದ ಹಿಮ್ಮಡಿಯ ಚಪ್ಪಲಿ ಸಲ್ಲದಾಗಿದ್ದವು. ಪ್ರತಿ ಪರೀಕ್ಷೆಯ ನಿಯಮವೂ ಬೇರೆಯಾಗಬಹುದು. ಹಾಗಾಗಿ ಪ್ರವೇಶಪತ್ರದ ಸೂಚನೆಗಳನ್ನು ಮನೆಮಂದಿಯೆಲ್ಲ ಕುಳಿತು ಓದಬೇಕು. ಸ್ಕಾರ್ಫ್ ಅಥವಾ ತುಂಬು ತೋಳಿನ ಬಗ್ಗೆ ಸಂದೇಹವಿದ್ದರೆ ಮೊದಲೇ ಲಿಖಿತವಾಗಿ ಕೇಳಿ ಉತ್ತರ ಪಡೆಯಬೇಕು. ಕಸೂತಿಯಿಲ್ಲದ ಸಾದಾ ಉಡುಪು, ಲೋಹದ ಪಿನ್ನಿಲ್ಲದೆ ಕಟ್ಟಬಹುದಾದ ತೆಳು ಹತ್ತಿಯ ಸ್ಕಾರ್ಫ್ ಇದ್ದರೆ ತಪಾಸಣೆಯೂ ಸುಲಭ, ಮನಸ್ಸೂ ನಿರಾಳ. ಆಭರಣ ಮನೆಯಲ್ಲಿರಲಿ. ಕಿವಿ ತೋರಿಸಲು ಮಹಿಳಾ ಸಿಬ್ಬಂದಿ ಹೇಳಿದರೆ ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, "ಅಲ್ಲಿ ಏನಾಗುತ್ತದೋ" ಎಂಬ ಅಂಜಿಕೆಯಿಂದ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವ ತಂದೆತಾಯಂದಿರು ಒಂದು ಮಾತನ್ನು ಅರಿಯಬೇಕು. ಬಾಗಿಲಲ್ಲಿ ತಡೆಯಾದರೆ ಪ್ರಶ್ನಿಸಬಹುದು, ದೂರಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಮನೆಯಲ್ಲೇ ತಡೆದರೆ ಆ ಮಗಳು ಯಾರಲ್ಲಿ ದೂರಬೇಕು?