ಕೈಯೆತ್ತುವವರು ಯಾರು?

ಕೈಯೆತ್ತಬೇಕೆಂದು ಬಯಸಿದೆವು, ಆದುದರಿಂದ ಎತ್ತಿದೆವು ಎಂದು ನಾವೆಲ್ಲರೂ ತಿಳಿದಿದ್ದೇವೆ. ಇಷ್ಟು ಸರಳವಾದ ನಂಬಿಕೆಯ ಬುಡವನ್ನು ಈಚೆಗೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಅಲುಗಿಸಿದನು. ಪ್ರಬಂಧವನ್ನು ಏಕೆ ಬರೆದು ತರಲಿಲ್ಲವೆಂದು ಕೇಳಿದುದಕ್ಕೆ, “ನಿರ್ಧಾರ ನನ್ನದಲ್ಲ, ಮಿದುಳಿನದು” ಎಂದನು. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ತಕ್ಕ ಉತ್ತರ ತೋಚದೆ ಮನೆಗೆ ಬಂದೆ.

ಜರ್ಮನಿಯ ಫ್ರೈಬುರ್ಗ್‌ನಲ್ಲಿದ್ದ ಕೋರ್ನ್‌ಹೂಬರ್ ಮತ್ತು ಡೇಕೆ 1965ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಈ ಚರ್ಚೆ ಮೊದಲಾಗುತ್ತದೆ. ಒಬ್ಬನು ತಾನಾಗಿಯೇ ಬೆರಳಾಡಿಸುವ ಮುನ್ನ ಅವನ ನೆತ್ತಿಯ ಮೇಲೆ ವಿದ್ಯುತ್ತಿನ ಮಂದವಾದ ಬದಲಾವಣೆಯೊಂದು ಬೆಳೆಯುವುದನ್ನು ಅವರು ಕಂಡು, ಅದನ್ನು ಸಿದ್ಧತೆಯ ವಿಭವವೆಂದು ಕರೆದರು. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು ಮುಂದಿನ ಹೆಜ್ಜೆಯನ್ನಿಟ್ಟರು. ಗಡಿಯಾರದಂಥ ಫಲಕದಲ್ಲಿ ಬೆಳಕಿನ ಚುಕ್ಕಿಯೊಂದು ಸುಮಾರು ಎರಡೂವರೆ ಸೆಕೆಂಡಿಗೊಮ್ಮೆ ಸುತ್ತುತ್ತದೆ. ಮನಸ್ಸಾದಾಗ ಮಣಿಕಟ್ಟನ್ನು ಮಡಿಸಬೇಕು. ಮನಸ್ಸಾದ ಕ್ಷಣದಲ್ಲಿ ಚುಕ್ಕಿ ಎಲ್ಲಿತ್ತೆಂದು ಹೇಳಬೇಕು. ಇಚ್ಛೆಯ ಅರಿವು ಚಲನೆಗಿಂತ ಸುಮಾರು 200 ಮಿಲಿಸೆಕೆಂಡು ಮುಂಚೆ. ಮಿದುಳಿನ ಸಿದ್ಧತೆಯಾದರೋ ಸುಮಾರು 550 ಮಿಲಿಸೆಕೆಂಡು ಮುಂಚೆ! ಅರಸನ ಅಪ್ಪಣೆಗೆ ಮೊದಲೇ ಸೈನ್ಯ ಹೊರಟಿತ್ತೆಂದಂತಾಯಿತು.

ಸ್ವತಂತ್ರ ಇಚ್ಛೆ ಬರಿಯ ಭ್ರಮೆಯೆಂದು ಕೆಲವರು ಸಾರಿಯೇಬಿಟ್ಟರು. ಲಿಬೆಟ್ ಅಷ್ಟು ದೂರ ಹೋಗಲಿಲ್ಲ. ಅರಿವು ಮೂಡಿದ ಮೇಲೂ ಕ್ರಿಯೆಯನ್ನು ತಡೆಯಲು ಎಡೆಯಿದೆಯೆಂಬುದು ಅವರ ಮತ. 2012ರಲ್ಲಿ ಷರ್ಗರ್ ಮತ್ತು ಸಂಗಡಿಗರು ಬೇರೊಂದು ವ್ಯಾಖ್ಯಾನವನ್ನು ಮುಂದಿಟ್ಟರು. ಮಿದುಳಿನಲ್ಲಿ ಸದಾ ಇರುವ ಏರಿಳಿತ ಯಾವಾಗಲೋ ಹೊಸ್ತಿಲನ್ನು ದಾಟಿದಾಗ ಚಲನೆ ಹುಟ್ಟುತ್ತದೆ; ಆ ಕ್ಷಣದಿಂದ ಹಿಂದಕ್ಕೆ ನೋಡಿ ಸರಾಸರಿ ತೆಗೆದಾಗ ಏರಿಳಿತವೇ ಸಿದ್ಧತೆಯಂತೆ ಕಾಣುತ್ತದೆ. ಮಿದುಳು ಮೊದಲೇ ನಿರ್ಧರಿಸಿತ್ತೆಂಬ ಮಾತು ಇದರಿಂದ ಸಡಿಲವಾಯಿತು.

ವ್ಯಾಕರಣ ಕಲಿಸುವವನಿಗೆ ಇಲ್ಲಿ ಇನ್ನೊಂದು ಸಂಗತಿ ಹೊಳೆಯುತ್ತದೆ. ‘ಎತ್ತಿದೆ’ ಎನ್ನುವಾಗ ‘ನಾನು’ ಕರ್ತೃ. ‘ಎತ್ತಬೇಕೆನಿಸಿತು’ ಎನ್ನುವಾಗ ‘ನನಗೆ’, ಚತುರ್ಥೀ ವಿಭಕ್ತಿ. ನಗು, ನೆನಪು, ಬಯಕೆ ನಮಗೆ ಬರುತ್ತವೆಯೇ ಹೊರತು ನಾವು ತರುವುದಿಲ್ಲವೆಂಬುದು ನಮ್ಮ ನುಡಿಗೆ ಹೊಸದಲ್ಲ. ಲಿಬೆಟ್ ಅಳೆದುದು ಈ ‘ಅನಿಸಿತು’ ಎಂಬುದನ್ನು. ಅದೂ ಯಾವ ಉದ್ದೇಶವೂ ಇಲ್ಲದ ಮಣಿಕಟ್ಟಿನ ಮಡಿಕೆಯಲ್ಲಿ. ಕುರ್ಚಿಯಲ್ಲಿ ಕುಳಿತು ಹೇಳಿದಂತೆ ನಡೆಯುತ್ತೇನೆಂದು ಒಪ್ಪಿಕೊಂಡರಲ್ಲ, ಆ ನಿರ್ಧಾರ ಯಾವ ಚುಕ್ಕಿಗೂ ಸಿಕ್ಕಲಿಲ್ಲ.

ಪ್ರಬಂಧಕ್ಕೆ ಕೊಟ್ಟಿದ್ದುದು ಒಂದು ವಾರ. ಓದಬೇಕು, ಯೋಚಿಸಬೇಕು, ಬರೆದು ಹೊಡೆದುಹಾಕಬೇಕು. ಆ ವಾರದ ಲೆಕ್ಕವನ್ನು ಮಿಲಿಸೆಕೆಂಡುಗಳು ಒಪ್ಪಿಸಲಾರವು. ಹುಡುಗನಿಗೆ ಸೋಮವಾರದವರೆಗೆ ಅವಕಾಶ ಕೊಟ್ಟಿದ್ದೇನೆ.