ಇಪ್ಪತ್ತೆಂಟು ದಿನಗಳ ಚುಚ್ಚುಮದ್ದು ಮತ್ತು ತಾಲ್ಲೂಕಿನ ವರ್ತಕರ ಹೊಣೆ

ಲಿಂಗಸುಗೂರು, ಸಿಂಧನೂರು ಹಾಗೂ ಮಸ್ಕಿ ತಾಲ್ಲೂಕುಗಳ ವಹಿವಾಟು ಭತ್ತ, ಹತ್ತಿ, ತೊಗರಿ ಮತ್ತು ಹಟ್ಟಿ ಚಿನ್ನದ ಗಣಿಯ ವೇತನದ ಹಣವನ್ನು ಅವಲಂಬಿಸಿದೆ. ಈ ಎಲ್ಲದರ ಹಿಂದೆ ದುಡಿಯುವ ಕೈಗಳಿವೆ. ಆ ಕೈಗಳ ಆರೋಗ್ಯವು ಯಾವ ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿಯೂ ನಮೂದಾಗುವುದಿಲ್ಲ. ಅದು ಕೆಟ್ಟಾಗ ತಗಲುವ ವೆಚ್ಚವಾದರೋ ನೌಕರನ ಮನೆಯಲ್ಲಿಯೂ ಮಾಲೀಕನ ಖಾತೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಪರೂಪದ ಹಾರ್ಮೋನ್ ವ್ಯಾಧಿಯೊಂದರ ಚಿಕಿತ್ಸೆಯು ಇದಕ್ಕೆ ಉತ್ತಮ ನಿದರ್ಶನ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಬೆಳೆದು ಬೆಳವಣಿಗೆಯ ಹಾರ್ಮೋನ್ ಅತಿಯಾಗಿ ಸ್ರವಿಸತೊಡಗಿದರೆ ‘ಅಕ್ರೋಮೆಗಲಿ’ ಎಂಬ ವ್ಯಾಧಿ ಉಂಟಾಗುತ್ತದೆ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಹೆಚ್ಚುತ್ತದೆ, ದವಡೆ ಮುಂದೆ ಬರುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಹೃದಯದ ತೊಂದರೆಗಳು ಸೇರಿಕೊಳ್ಳಬಹುದು. ಬದಲಾವಣೆ ನಿಧಾನವಾದುದರಿಂದ ರೋಗ ಪತ್ತೆಯಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಮೂಗಿನ ಮೂಲಕ ಮಾಡುವ ಶಸ್ತ್ರಕ್ರಿಯೆ. ಅದರಿಂದ ಹಾರ್ಮೋನ್ ಹತೋಟಿಗೆ ಬಾರದವರಿಗೆ ದೀರ್ಘಕಾಲ ಕೆಲಸ ಮಾಡುವ ಚುಚ್ಚುಮದ್ದು ಬೇಕಾಗುತ್ತದೆ.

ಅಂತಹ ಔಷಧಿಗಳಲ್ಲಿ ಲ್ಯಾನ್‌ರಿಯೊಟೈಡ್ ಒಂದು. ಇದು ಮೊದಲೇ ತುಂಬಿದ ಸಿರಿಂಜಿನಲ್ಲಿ 60, 90 ಮತ್ತು 120 ಮಿಲಿಗ್ರಾಂ ಪ್ರಮಾಣಗಳಲ್ಲಿ ಬರುತ್ತದೆ. ಪೃಷ್ಠದ ಮೇಲ್ಭಾಗದ ಹೊರ ಅಂಚಿನಲ್ಲಿ, ಚರ್ಮದಡಿ ಆಳಕ್ಕೆ, ಒಮ್ಮೆ ಎಡಕ್ಕೆ ಮತ್ತೊಮ್ಮೆ ಬಲಕ್ಕೆ ನಿಧಾನವಾಗಿ ಕೊಡಲಾಗುತ್ತದೆ. ದಪ್ಪನೆಯ ದ್ರವವು ಅಲ್ಲಿಯೇ ನಿಂತು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು; ಕೊಡುವ ಅರ್ಧ ಗಂಟೆ ಮೊದಲು ಹೊರತೆಗೆಯಬೇಕು; ಮುಚ್ಚಿದ ಚೀಲವನ್ನು ಕೊಡುವ ಕ್ಷಣದವರೆಗೂ ಒಡೆಯಬಾರದು. ತರಬೇತಿ ಪಡೆದ ದಾದಿಗೆ ಇದು ಕೆಲವೇ ನಿಮಿಷಗಳ ಕೆಲಸ.

ಆ ಕೆಲವು ನಿಮಿಷಗಳಿಗಾಗಿ ಲಿಂಗಸುಗೂರಿನ ರೋಗಿಯು ಸುಮಾರು 90 ಕಿ.ಮೀ. ದೂರದ ರಾಯಚೂರಿಗೋ, 400 ಕಿ.ಮೀ.ಗೂ ದೂರದ ಬೆಂಗಳೂರಿಗೋ ಹೋಗಬೇಕಾಗಿ ಬಂದರೆ ಲೆಕ್ಕ ಬೇರೆಯಾಗುತ್ತದೆ. ನಾಲ್ಕು ವಾರಗಳಿಗೊಮ್ಮೆ ಎಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಾರಿ. ‘ತಿಂಗಳಿಗೊಂದು’ ಎಂದು ತಿಳಿದವನು ವರ್ಷಕ್ಕೊಂದು ಡೋಸ್ ಕಳೆದುಕೊಳ್ಳುತ್ತಾನೆ. ಪ್ರತಿ ಪ್ರಯಾಣಕ್ಕೆ ಎರಡು ದಿನವೆಂದರೂ ವರ್ಷಕ್ಕೆ 26 ದಿನಗಳ ದುಡಿಮೆ ನಷ್ಟ. ಜೊತೆಗೆ ಹೋಗುವವನ ಕೂಲಿಯೂ ಸೇರಿದರೆ 52 ದಿನ. ಔಷಧಿಯ ಬೆಲೆ ಭರಿಸಿದ ಕುಟುಂಬವೂ ಈ ಭಾರಕ್ಕೆ ಸೋತು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವ ಅಪಾಯವುಂಟು.

‘ಇಂತಹ ರೋಗಿಗಳು ತಾಲ್ಲೂಕಿಗೆ ಎಷ್ಟು ಮಂದಿ? ಅವರಿಗಾಗಿ ದುಬಾರಿ ಸರಕನ್ನು ದಾಸ್ತಾನು ಮಾಡಿ ಬಂಡವಾಳ ಹೂಡಲಾದೀತೇ?’ ಎಂಬುದು ಔಷಧಿ ವರ್ತಕರ ಸಹಜ ಪ್ರಶ್ನೆ. ಅದರಲ್ಲಿ ಹುರುಳಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ವಿದ್ಯುತ್ ಕೈಕೊಟ್ಟರೆ ಸರಕು ಕೆಡುತ್ತದೆ. ಕೆಟ್ಟು ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ, 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಕಲಮಿನಂತೆ, ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಸರಕೂ ಹೋಯಿತು, ತೆರಿಗೆಯೂ ಹೋಯಿತು.

ಆದರೆ ದಾಸ್ತಾನು ಅನಿವಾರ್ಯವೇನಲ್ಲ. ದಿನಾಂಕ ಮೊದಲೇ ಗೊತ್ತಿರುವ ಔಷಧಿ ಇದು. ವೈದ್ಯರ ಚೀಟಿ ಮತ್ತು ಮುಂಗಡ ಪಡೆದು, ವಾರ ಮುಂಚಿತವಾಗಿ ಬೇಡಿಕೆ ಸಲ್ಲಿಸಿ, ಶೀತಪೆಟ್ಟಿಗೆಯಲ್ಲಿ ತರಿಸಿದರೆ ಬಂಡವಾಳ ಸಿಲುಕಿಕೊಳ್ಳುವುದಿಲ್ಲ. ದಾರಿಯಲ್ಲಿ ಕೆಟ್ಟರೆ ನಷ್ಟ ಯಾರದು ಎಂಬುದನ್ನು ಸಗಟು ವ್ಯಾಪಾರಿಯೊಡನೆ ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಬೇಕು. ಇನ್ವರ್ಟರ್ ಸಹಿತ ಫ್ರಿಜ್ಜು ಮತ್ತು ದಿನಕ್ಕೆರಡು ಬಾರಿ ತಾಪಮಾನ ಬರೆದಿಡುವ ಪುಸ್ತಕ ಈ ಒಂದು ಔಷಧಿಗೆ ಮಾತ್ರ ಮೀಸಲಾಗಬೇಕಾಗಿಲ್ಲ. ನಿತ್ಯ ಮಾರಾಟವಾಗುವ ಇನ್ಸುಲಿನ್‌ಗೂ ಅವೇ ರಕ್ಷಣೆ. ವೆಚ್ಚವನ್ನು ಹಂಚಿಕೊಳ್ಳಲು ಅಲ್ಲಿಯೇ ದಾರಿಯಿದೆ.

ತೆರಿಗೆಯ ವಿಷಯದಲ್ಲಿ ಪರಿಸ್ಥಿತಿ ಕೊಂಚ ಸುಧಾರಿಸಿದೆ. 2025ರ ಸೆಪ್ಟೆಂಬರ್ 22ರಿಂದ, ಅದುವರೆಗೆ ಶೇ. 12ರ ದರದಲ್ಲಿದ್ದ ಔಷಧಿಗಳು ಶೇ. 5ಕ್ಕೆ ಇಳಿದಿವೆ, ಕೆಲವು ಜೀವರಕ್ಷಕ ಔಷಧಿಗಳಿಗೆ ಪೂರ್ಣ ವಿನಾಯಿತಿ ದೊರೆತಿದೆ. ಮೂಲಬೆಲೆ 100 ರೂ. ಇದ್ದ ಸರಕು 112ರಿಂದ 105 ರೂ.ಗೆ ಇಳಿಯಬೇಕು, ಅಂದರೆ ಗ್ರಾಹಕನಿಗೆ ಶೇ. 6.25ರಷ್ಟು ಉಳಿತಾಯ. ಈ ಲಾಭ ರೋಗಿಗೇ ತಲುಪುವಂತೆ ನೋಡಿಕೊಳ್ಳುವುದು ವರ್ತಕರ ಧರ್ಮ. ಇನ್ನೊಂದೆಡೆ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನ ರಿಯಾಯಿತಿಗೆ ಅರ್ಹವಾದ ರೋಗಗಳ ಪಟ್ಟಿಯಲ್ಲಿ ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ, ಹಿಮೋಫಿಲಿಯಾ ಮುಂತಾದವು ಸೇರಿದ್ದವೇ ಹೊರತು ಹಾರ್ಮೋನ್ ವ್ಯಾಧಿಗಳಿರಲಿಲ್ಲ. ವಾಣಿಜ್ಯ ಸಂಸ್ಥೆಗಳು ಬಜೆಟ್ ಪೂರ್ವ ಮನವಿಗಳಲ್ಲಿ ಜೀವನಪರ್ಯಂತ ಚಿಕಿತ್ಸೆ ಬೇಡುವ ಇಂತಹ ವ್ಯಾಧಿಗಳನ್ನೂ ಪ್ರಸ್ತಾಪಿಸುವುದು ಉಚಿತ.

ಅಕ್ಕಿ ಗಿರಣಿ ಮತ್ತು ಹತ್ತಿ ಜಿನ್ನಿಂಗ್ ಘಟಕಗಳ ಮಾಲೀಕರಿಗೂ ಇಲ್ಲಿ ಪಾಲಿದೆ. ಇ.ಎಸ್.ಐ. ವಂತಿಗೆಯನ್ನು ದಂಡವೆಂದು ಭಾವಿಸಿ, ನೌಕರರ ಸಂಖ್ಯೆಯನ್ನು ಹತ್ತರೊಳಗೆ ತೋರಿಸುವ ಪ್ರವೃತ್ತಿ ದೂರದೃಷ್ಟಿಯದಲ್ಲ. 2019ರ ಜುಲೈಯಲ್ಲಿ ಜಾರಿಗೆ ಬಂದ ದರದಂತೆ ಮಾಲೀಕನ ಪಾಲು ಶೇ. 3.25, ನೌಕರನದು ಶೇ. 0.75. ತಿಂಗಳಿಗೆ 15,000 ರೂ. ವೇತನಕ್ಕೆ ಇವೆರಡೂ ಸೇರಿ 600 ರೂ. ಮಾತ್ರ. ಷರತ್ತುಗಳಿಗೆ ಒಳಪಟ್ಟು ನೌಕರನಿಗೂ ಅವಲಂಬಿತರಿಗೂ ವಿಶೇಷ ತಜ್ಞ ಚಿಕಿತ್ಸೆಯವರೆಗೆ ರಕ್ಷಣೆ ಕೊಡುವ ಬೇರೊಂದು ವಿಮೆ ಈ ಹಣಕ್ಕೆ ಸಿಗುವುದು ದುರ್ಲಭ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆದ ಹೋರಾಟ ನ್ಯಾಯಯುತವಾದುದೇ. ಆದರೆ ದೊಡ್ಡ ಆಸ್ಪತ್ರೆ ಬರುವವರೆಗೂ ಸಣ್ಣ ಕೆಲಸಗಳು ಕಾಯಬೇಕಾಗಿಲ್ಲ. ರೋಗನಿರ್ಣಯ ಮತ್ತು ಡೋಸಿನ ನಿರ್ಧಾರ ದೊಡ್ಡ ಊರಿನ ತಜ್ಞರದೇ ಆಗಿರಲಿ. ಚುಚ್ಚುವ ಕೆಲಸ ಮಾತ್ರ ತಾಲ್ಲೂಕು ಆಸ್ಪತ್ರೆಯಲ್ಲಿ, ತರಬೇತಿ ಪಡೆದ ಒಬ್ಬ ದಾದಿಯಿಂದ, ನಿಗದಿತ ದಿನದಂದು ನಡೆಯಲಿ. ಮೂರೂ ತಾಲ್ಲೂಕುಗಳ ಔಷಧಿ ವರ್ತಕರು ಒಟ್ಟಾಗಿ ಒಂದೇ ಶೀತಪೆಟ್ಟಿಗೆಯಲ್ಲಿ ಸರಕು ತರಿಸಿಕೊಂಡರೆ ಸಾಗಣೆ ವೆಚ್ಚವೂ ತಗ್ಗುತ್ತದೆ. ಆರೋಗ್ಯಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಿ ಈ ಏರ್ಪಾಡಿಗೆ ಚಾಲನೆ ನೀಡುವ ಶಕ್ತಿ ವರ್ತಕರ ಸಂಘಟನೆಗಿದೆ. ರೋಗಿಗೆ ಉಳಿಯುವ 26 ದಿನಗಳ ದುಡಿಮೆಯ ಹಣ ಕೊನೆಗೆ ಖರ್ಚಾಗುವುದು ಇದೇ ಊರಿನ ಅಂಗಡಿಗಳಲ್ಲಿ ಎಂಬುದನ್ನು ಮರೆಯಬಾರದು.